ಕ್ರೊಯೇಷಿಯಾ ಕರಾವಳಿಯಲ್ಲಿ ಕ್ಯಾಂಪಿಂಗ್ ಪ್ರವಾಸ

ಯುರೋಪಿನ ಆಗ್ನೇಯ ಭಾಗದಲ್ಲಿ ಆಡ್ರಿಯಾಟಿಕ್ ಸಮುದ್ರದ ಪೂರ್ವದಂಡೆಯನ್ನು ಹಿಡಿದುಕೊಂಡಿರುವ ದೇಶ ಕ್ರೊಯೇಷಿಯಾ. 2021ರ ಜನಗಣತಿಯಂತೆ ಅದರ ಜನಸಂಖ್ಯೆ ನಲವತ್ತು ಲಕ್ಷಕ್ಕೂ ಕಡಿಮೆ. ಬೇಸಿಗೆಯಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ಲೊವೇನಿಯಾ, ಇಟಲಿ, ನೆದರ್‌ಲೆಂಡ್ಸ್ ಕಡೆಯಿಂದ ಡೇರೆ, ಕ್ಯಾರವಾನ್, ಕ್ಯಾಂಪರ್ ವ್ಯಾನುಗಳೊಂದಿಗೆ ಬರುವವರಿಂದ ಅದರ ಕರಾವಳಿ ತುಂಬಿಹೋಗುತ್ತದೆ. ದ್ವೀಪ, ಕಿರುದ್ವೀಪ, ಬಂಡೆಗಳೆಲ್ಲ ಸೇರಿದರೆ ಸಾವಿರದ ಮೇಲಾಗುತ್ತವೆ. ಜನವಸತಿ ಇರುವುದು ಅವುಗಳಲ್ಲಿ ಐವತ್ತರ ಆಸುಪಾಸು. ಹ್ವಾರ್ ದ್ವೀಪದಲ್ಲಿ ವರ್ಷಕ್ಕೆ 2,700 ಗಂಟೆಗೂ ಹೆಚ್ಚು ಬಿಸಿಲು ಸಿಗುತ್ತದೆ. ಹೀಗಿರುವಾಗ ಇಲ್ಲಿ ಕ್ಯಾಂಪಿಂಗ್ ಯೋಜಿಸುವವರು ಬಿಸಿಲಿನ ಚಿಂತೆ ಮಾಡಬೇಕಿಲ್ಲ. ಈ ಪ್ರವಾಸವನ್ನು ಕೂಡಿಸುವುದೂ ಕೆಡಿಸುವುದೂ ಗಾಳಿ, ಕಲ್ಲುನೆಲ ಮತ್ತು ಆಗಸ್ಟ್ ತಿಂಗಳು. ಪ್ರಚಾರದ ಕೈಪಿಡಿಗಳಲ್ಲಿ ಈ ಮೂರರ ಪ್ರಸ್ತಾಪ ಕಡಿಮೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಕ್ರೊಯೇಷಿಯಾ ಯುಗೊಸ್ಲಾವಿಯಾದ ಭಾಗವಾಗಿತ್ತು. ಕಮ್ಯುನಿಸ್ಟ್ ಆಡಳಿತವಿದ್ದರೂ ಆ ದೇಶ 1960ರ ದಶಕದಲ್ಲಿ ವೀಸಾ ನಿಯಮಗಳನ್ನು ಸಡಿಲಿಸಿ ಪಶ್ಚಿಮ ಯುರೋಪಿನ ಪ್ರವಾಸಿಗಳಿಗೆ ಬಾಗಿಲು ತೆರೆಯಿತು. ವಿದೇಶಿ ವಿನಿಮಯ ಅದಕ್ಕೆ ಬೇಕಾಗಿತ್ತು. ಅದೇ ದಶಕದ ಮಧ್ಯದಲ್ಲಿ ಕಡಲಂಚಿನ ಆಡ್ರಿಯಾಟಿಕ್ ಹೆದ್ದಾರಿ ಪೂರ್ಣಗೊಂಡಿತು. ಹೋಟೆಲು ಕಟ್ಟಲು ವರ್ಷಗಳು ಬೇಕು. ಪೈನ್ ತೋಪಿಗೆ ನೀರು, ಶೌಚಾಲಯ ಒದಗಿಸಿ ಡೇರೆಗಳಿಗೆ ಬಿಟ್ಟುಕೊಡಲು ಒಂದು ಚಳಿಗಾಲ ಸಾಕು. ಕಾರು ಕೊಂಡಿದ್ದ ಜರ್ಮನಿಯ ಮಧ್ಯಮವರ್ಗಕ್ಕೂ ಇದೇ ಅಗ್ಗವಾಗಿ ಕಂಡಿತು. 1962ರಿಂದ ಪಶ್ಚಿಮ ಜರ್ಮನಿಯ ನಿರ್ಮಾಪಕರು ಕಾರ್ಲ್ ಮೈ ಕಾದಂಬರಿಗಳ ವಿನ್ನೆಟೂ ಚಿತ್ರಗಳನ್ನು ಪ್ಲಿಟ್‌ವಿತ್ಸೆ ಸರೋವರಗಳಲ್ಲಿ, ಪಾಕ್ಲೆನಿತ್ಸಾ ಕಣಿವೆಯಲ್ಲಿ ಚಿತ್ರೀಕರಿಸಿದರು. ಅಮೆರಿಕದ ಪಶ್ಚಿಮ ಪ್ರಾಂತ್ಯವೆಂದು ತೆರೆಯ ಮೇಲೆ ತೋರಿಸಿದ ಬಂಡೆಗಳನ್ನು ನೋಡಲು ಜರ್ಮನ್ ಕುಟುಂಬಗಳು ಕರಾವಳಿಯ ದಕ್ಷಿಣ ಭಾಗವಾದ ಡಾಲ್ಮೇಷಿಯಾಕ್ಕೆ ಬರತೊಡಗಿದವು.

ನಗ್ನವಾಸದ ಶಿಬಿರಗಳೂ ಆ ಕಾಲದ ಕೊಡುಗೆಯೇ. ಇಸ್ಟ್ರಿಯಾ ಪರ್ಯಾಯದ್ವೀಪದ ವ್ರ್ಸಾರ್ ಬಳಿಯ ಕೊವೆರ್ಸಾದಾ 1961ರಲ್ಲಿ ಆರಂಭವಾಯಿತು. ಈ ಪದ್ಧತಿಯ ಮೂಲವನ್ನು ಇನ್ನೂ ಹಿಂದಕ್ಕೆ ಒಯ್ದು, 1936ರಲ್ಲಿ ಇಂಗ್ಲೆಂಡಿನ ದೊರೆ ಎಂಟನೆಯ ಎಡ್ವರ್ಡ್ ರಾಬ್ ದ್ವೀಪದ ಕೊಲ್ಲಿಯೊಂದರಲ್ಲಿ ಬಟ್ಟೆಯಿಲ್ಲದೆ ಈಜಿದನೆಂಬ ಕಥೆಯನ್ನು ಅಲ್ಲಿಯವರು ಹೇಳುತ್ತಾರೆ. ಕಥೆ ಹೇಗಾದರೂ ಇರಲಿ, ಜಾಗ ಕಾದಿರಿಸುವ ಮುನ್ನ ‘ಎಫ್‌ಕೆಕೆ’ ಎಂಬ ಮೂರು ಅಕ್ಷರಗಳಿಗೆ ಗಮನ ಕೊಡುವುದು ಒಳ್ಳೆಯದು. ಅವು ಇರುವಲ್ಲಿ ಶಿಬಿರವೋ ಅದರ ಒಂದು ಭಾಗವೋ ನಗ್ನವಾಸಿಗಳಿಗೆ ಮೀಸಲು. ಅಜ್ಜಿ ತಾತಂದಿರನ್ನು ಕರೆದೊಯ್ಯುವ ಕನ್ನಡ ಕುಟುಂಬಗಳು ಇದನ್ನು ಶಿಬಿರದ ಗೇಟಿನಲ್ಲಿ ಅರಿತುಕೊಳ್ಳುವುದಕ್ಕಿಂತ ಮನೆಯಲ್ಲೇ ಅರಿತುಕೊಳ್ಳುವುದು ಲೇಸು.

1991ರಲ್ಲಿ ಕ್ರೊಯೇಷಿಯಾ ಸ್ವತಂತ್ರವಾಯಿತು. 1995ರವರೆಗೆ ನಡೆದ ಯುದ್ಧದಲ್ಲಿ ಪ್ರವಾಸೋದ್ಯಮ ಕುಸಿಯಿತು, ಬಳಿಕ ನಿಧಾನವಾಗಿ ಚೇತರಿಸಿಕೊಂಡಿತು. 2013ರ ಜುಲೈ 1ರಂದು ದೇಶ ಯುರೋಪಿಯನ್ ಒಕ್ಕೂಟವನ್ನು ಸೇರಿತು; 2023ರ ಜನವರಿ 1ರಂದು ಯೂರೊ ನಾಣ್ಯವೂ ಷೆಂಗೆನ್ ಗಡಿವ್ಯವಸ್ಥೆಯೂ ಒಟ್ಟಿಗೇ ಬಂದವು. ಹಣ ಬದಲಿಸುವ ತಾಪತ್ರಯ ಆ ದಿನಕ್ಕೇ ಮುಗಿಯಿತು. ಅಗ್ಗದ ದೇಶವೆಂಬ ಹೆಸರೂ ಈಗ ಹೆಚ್ಚುಕಡಿಮೆ ಮುಗಿದಿದೆ.

ತೀರದ ಭಾಗಗಳು

ವಾಯವ್ಯದ ಉಮಾಗ್‌ನಿಂದ ದಕ್ಷಿಣದ ದುಬ್ರೊವ್ನಿಕ್‌ಗೆ ರಸ್ತೆಯಲ್ಲಿ ಸುಮಾರು 700 ಕಿ.ಮೀ. ಒಂದೇ ರಜೆಯಲ್ಲಿ ಇಷ್ಟನ್ನೂ ಸುತ್ತಲು ಹೊರಟವರು ಡೇರೆ ಕಟ್ಟುವುದರಲ್ಲೂ ಬಿಚ್ಚುವುದರಲ್ಲೂ ದಿನ ಕಳೆಯುತ್ತಾರೆ. ಒಂದು ಭಾಗವನ್ನು ಆರಿಸಿಕೊಂಡು ಅಲ್ಲೇ ನೆಲೆ ನಿಲ್ಲುವುದು ಜಾಣತನ.

ಇಸ್ಟ್ರಿಯಾ ಪರ್ಯಾಯದ್ವೀಪ ಉತ್ತರದ ತುದಿಯಲ್ಲಿದೆ. ದೊಡ್ಡ, ಹಳೆಯ, ಸುಸಜ್ಜಿತ ಶಿಬಿರಗಳು ಹೆಚ್ಚಾಗಿರುವುದು ಇಲ್ಲಿ. ಪೊರೆಚ್ ಬಳಿಯ ಲಾಂತೆರ್ನಾದಂಥವು ಅಂಗಡಿ, ಈಜುಕೊಳ, ಬೀದಿ, ವೈದ್ಯಕೀಯ ನೆರವುಗಳಿರುವ ಪುಟ್ಟ ಊರುಗಳೇ ಸರಿ. ಊರ ಫಲಕಗಳು ಕ್ರೊಯೇಷಿಯನ್ ಮತ್ತು ಇಟಾಲಿಯನ್ ಎರಡೂ ಭಾಷೆಗಳಲ್ಲಿರುತ್ತವೆ. ಮಳೆ ಬಂದ ದಿನ ನೋಡಲು ಪುಲಾದ ರೋಮನ್ ರಂಗಮಂಟಪವಿದೆ, ಪೊರೆಚ್‌ನ ಆರನೆಯ ಶತಮಾನದ ಬಸಿಲಿಕಾ ಇದೆ. ಪರ್ಯಾಯದ್ವೀಪದ ದಕ್ಷಿಣ ತುದಿಯಲ್ಲಿರುವ ಕಮೆನ್ಯಾಕ್ ಭೂಶಿರ ಸಂರಕ್ಷಿತ ಪ್ರದೇಶ. ಹಗಲು ಹೋಗಿ ಈಜಬಹುದು, ರಾತ್ರಿ ತಂಗುವಂತಿಲ್ಲ. ಇಸ್ಟ್ರಿಯಾದ ಪಕ್ಕದ ಕ್ವಾರ್ನರ್ ಕೊಲ್ಲಿಯಲ್ಲಿ ಕ್ರ್ಕ್, ತ್ಸ್ರೆಸ್, ಲೊಷಿನ್, ರಾಬ್ ದ್ವೀಪಗಳಿವೆ. ಕ್ರ್ಕ್‌ಗೆ 1980ರಲ್ಲಿ ಕಟ್ಟಿದ ಸೇತುವೆಯಿದೆ. ಅದರ 390 ಮೀಟರ್ ಕಾಂಕ್ರೀಟ್ ಕಮಾನು ಬಹುಕಾಲ ಜಗತ್ತಿನಲ್ಲೇ ದೊಡ್ಡದೆನಿಸಿತ್ತು. ಆ ಸೇತುವೆಯ ಸುಂಕವನ್ನು 2020ರಲ್ಲಿ ತೆಗೆದುಹಾಕಲಾಯಿತು. ಲೊಷಿನ್‌ನ ಚಿಕಾತ್ ಶಿಬಿರದಿಂದ ಊರಿಗೆ ನಡೆದೇ ಹೋಗಬಹುದು. ಕಾರಿಲ್ಲದವರಿಗೆ ಇಂಥ ಶಿಬಿರಗಳು ಹೇಳಿಮಾಡಿಸಿದಂತಿವೆ.

ಡಾಲ್ಮೇಷಿಯಾದಲ್ಲಿ ಬೆಟ್ಟ ಕಡಲಿಗೆ ಹತ್ತಿರ ಸರಿಯುತ್ತದೆ, ಶಿಬಿರಗಳು ಚಿಕ್ಕವಾಗುತ್ತವೆ. ದ್ರಾಕ್ಷಿ, ಆಲಿವ್ ತೋಟದ ಮೂಲೆಯಲ್ಲಿ ಒಂದು ಕುಟುಂಬ ನಡೆಸುವ ಹತ್ತಿಪ್ಪತ್ತು ಡೇರೆಗಳ ಶಿಬಿರಗಳು ಪೆಲ್ಯೆಶಾತ್ಸ್ ಪರ್ಯಾಯದ್ವೀಪದಲ್ಲೂ ಹ್ವಾರ್, ಕೊರ್ಚುಲಾ ದ್ವೀಪಗಳಲ್ಲೂ ಸಿಗುತ್ತವೆ. ಸೌಕರ್ಯ ಕಡಿಮೆಯಿದ್ದರೂ ಕ್ಯಾಂಪಿಂಗ್‌ನ ಹಳೆಯ ರುಚಿ ಉಳಿದಿರುವುದು ಇಲ್ಲೇ ಎನ್ನಬೇಕು. ಸ್ಪ್ಲಿಟ್ ನಗರ ನೋಡುವವರು ಅದರ ಹೊರವಲಯದ ಸ್ತೊಬ್ರೆಚ್‌ನಲ್ಲಿ ಡೇರೆ ಹಾಕಿ ನಗರ ಬಸ್ಸಿನಲ್ಲಿ ಡಯೊಕ್ಲೀಷಿಯನ್ ಅರಮನೆಗೆ ಹೋಗುತ್ತಾರೆ. ಹಳೆಯ ನಗರದೊಳಗೆ ವ್ಯಾನು ನಿಲ್ಲಿಸಲು ಜಾಗ ಹುಡುಕುವ ಸಾಹಸಕ್ಕೆ ಇಳಿಯದಿರುವುದೇ ಮೇಲು.

ಮರಳ ತೀರವನ್ನು ಬಯಸುವವರು ರಾಬ್‌ನ ಲೊಪಾರ್, ಝಾದರ್ ಬಳಿಯ ನಿನ್ ಮುಂತಾದ ಕೆಲವೇ ಕಡೆಗಳನ್ನು ನೆಚ್ಚಬೇಕು. ಉಳಿದೆಡೆ ನುಣುಪಾದ ಬೆಣಚುಕಲ್ಲು, ಇಲ್ಲವೇ ಬಂಡೆ. ನೀರು ಕನ್ನಡಿಯಷ್ಟು ತಿಳಿಯಾಗಿರಲು ಮರಳಿನ ಕೊರತೆಯೂ ಒಂದು ಕಾರಣ.

ಗಾಳಿ

ಆಡ್ರಿಯಾಟಿಕ್ ತೀರದವರು ಹವೆಯ ಬಗ್ಗೆ ಮಾತಾಡುವಾಗ ಮೊದಲು ಬರುವುದು ಗಾಳಿಯ ಹೆಸರು. ಬೇಸಿಗೆಯ ಸಾಮಾನ್ಯ ಗಾಳಿ ಮಾಯೆಸ್ತ್ರಾಲ್. ನೆಲ ಕಾದಂತೆ ಬೆಳಗಿನ ಹತ್ತರ ಸುಮಾರಿಗೆ ಕಡಲ ಮೇಲಿಂದ, ವಾಯವ್ಯ ದಿಕ್ಕಿನಿಂದ ಬೀಸತೊಡಗಿ ಸೂರ್ಯಾಸ್ತದ ಹೊತ್ತಿಗೆ ನಿಲ್ಲುತ್ತದೆ. ಇದು ಬೀಸುತ್ತಿದ್ದರೆ ಹವೆ ಚೆನ್ನಾಗಿದೆಯೆಂದು ಲೆಕ್ಕ. ಬೀಸಬೇಕಾದ ದಿನ ಬೀಸದಿದ್ದರೆ ಬದಲಾವಣೆ ಬರುತ್ತಿದೆಯೆಂದು ಊಹಿಸುತ್ತಾರೆ.

ಯುಗೊ ಆಗ್ನೇಯದ ಗಾಳಿ. ಆಫ್ರಿಕದ ಕಡೆಯಿಂದ ಮೆಡಿಟರೇನಿಯನ್ ದಾಟಿ ಬರುವಾಗ ತೇವ ಹೀರಿಕೊಂಡು ಮೋಡ, ಮಳೆ, ದೊಡ್ಡ ಅಲೆಗಳನ್ನು ತರುತ್ತದೆ. ಒಮ್ಮೆ ಹಿಡಿದರೆ ಎರಡು ಮೂರು ದಿನ ಬಿಡುವುದಿಲ್ಲ. ಒಣಹಾಕಿದ ಟವೆಲ್ ಒಣಗುವುದಿಲ್ಲ, ಜನರ ಮುಖ ಗಂಟಿಕ್ಕಿರುತ್ತದೆ. ಹಳೆಯ ದುಬ್ರೊವ್ನಿಕ್ ಗಣರಾಜ್ಯದಲ್ಲಿ ಯುಗೊ ಬೀಸುವಾಗ ಮಹತ್ವದ ನಿರ್ಧಾರಗಳನ್ನು ಕೈಗೊಳ್ಳುತ್ತಿರಲಿಲ್ಲವೆಂಬ ಪ್ರತೀತಿ ಇದೆ.

ಭಯಪಡಬೇಕಾದದ್ದು ಬುರಾ. ಕರಾವಳಿಗೆ ಸಮಾಂತರವಾಗಿ ನಿಂತ ವೆಲೆಬಿಟ್ ಪರ್ವತ 1,757 ಮೀಟರ್‌ವರೆಗೆ ಏರುತ್ತದೆ. ಅದರ ಹಿಂದೆ ಒಳನಾಡಿನಲ್ಲಿ ತಣ್ಣನೆಯ ಗಾಳಿ ಶೇಖರವಾಗಿ, ಕಣಿವೆಗಳ ಮೂಲಕ ಈಶಾನ್ಯದಿಂದ ಕಡಲಿಗೆ ಧುಮುಕುತ್ತದೆ. ಅದು ಒಂದೇ ಸಮನೆ ಬೀಸುವುದಿಲ್ಲ, ಗುದ್ದು ಗುದ್ದಾಗಿ ಬರುತ್ತದೆ. ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ಮೀರಿದ ಗುದ್ದುಗಳು ದಾಖಲಾಗಿವೆ. ಬೇಸಿಗೆಯ ಬುರಾ ಅಷ್ಟು ಉಗ್ರವಲ್ಲ, ಬೇಗ ಮುಗಿಯುತ್ತದೆ, ಆದರೆ ಡೇರೆ ಕೀಳಲು ಅಷ್ಟೇ ಸಾಕು. ಬುರಾ ಬೀಸುವಾಗ ಆಕಾಶ ಸ್ವಚ್ಛ ನೀಲಿಯಾಗಿರುವುದರಿಂದ ಹೊಸಬರಿಗೆ ಅಪಾಯದ ಸುಳಿವೇ ಸಿಗುವುದಿಲ್ಲ. ವೆಲೆಬಿಟ್‌ನ ನೆತ್ತಿಯ ಮೇಲೆ ಬಿಳಿ ಮೋಡದ ಪಟ್ಟಿ ಕೂತಿದ್ದರೆ ಸ್ಥಳೀಯರು ಚಪ್ಪರ ಮಡಚಿಡುತ್ತಾರೆ. ಪಾಗ್ ದ್ವೀಪದ ಪೂರ್ವಭಾಗ ಒಂದು ಹುಲ್ಲುಕಡ್ಡಿಯೂ ಇಲ್ಲದಂತೆ ಬೋಳಾಗಿರುವುದು ಈ ಗಾಳಿ ಎರಚುವ ಉಪ್ಪಿನಿಂದ. ದ್ವೀಪದ ಉಳಿದ ಭಾಗದಲ್ಲಿ ಆ ಉಪ್ಪು ಬಿದ್ದ ಗಿಡಮೂಲಿಕೆಗಳನ್ನು ಮೇಯುವ ಕುರಿಗಳ ಹಾಲಿನ ಚೀಸ್ ದೇಶದಲ್ಲೇ ಹೆಸರುವಾಸಿ. ಸೆನ್ಯ್ ಪಟ್ಟಣ, ವೆಲೆಬಿಟ್‌ನ ಬುಡ, ಕ್ರ್ಕ್ ಮತ್ತು ಮಾಸ್ಲೆನಿತ್ಸಾ ಸೇತುವೆಗಳು ಬುರಾ ಹೆಚ್ಚು ಕಾಡುವ ಜಾಗಗಳು. ಗಾಳಿ ಜೋರಾದರೆ ಕ್ಯಾರವಾನ್, ಎತ್ತರದ ವ್ಯಾನು, ಬೈಕುಗಳಿಗೆ ಸೇತುವೆ ಮುಚ್ಚುತ್ತಾರೆ. ಹೊರಡುವ ಮುನ್ನ ದೇಶದ ವಾಹನ ಸಂಘವಾದ ಎಚ್‌ಎಕೆಯ ರಸ್ತೆ ವರದಿಯನ್ನೂ ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಗಳನ್ನೂ ನೋಡುವುದು ಅಲ್ಲಿನವರ ರೂಢಿ.

ಬೇಸಿಗೆಯ ಸಂಜೆಗಳಲ್ಲಿ ಗುಡುಗು ಸಹಿತ ಬಿರುಗಾಳಿ ಏಳುವುದೂ ಉಂಟು, ಉತ್ತರದ ಕಡೆ ಹೆಚ್ಚು. ಡೇರೆಯ ಬಾಗಿಲು ಈಶಾನ್ಯಕ್ಕೆ ಮುಖ ಮಾಡದಂತೆ ಕಟ್ಟುವುದು, ಶಿಬಿರ ಬಿಟ್ಟು ಹೊರಡುವಾಗ ಮುಂಚಪ್ಪರ ಇಳಿಸುವುದು ಈ ತೀರದ ಪ್ರಾಥಮಿಕ ಪಾಠಗಳು.

ಯಾವಾಗ ಹೋಗಬೇಕು

ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲ ಕಡಲನ್ನು ಮುಚ್ಚುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳೇ ಆಡ್ರಿಯಾಟಿಕ್‌ನ ಒಣ ಋತು; ಅಲ್ಲಿ ಮಳೆ ಶರತ್ಕಾಲ, ಚಳಿಗಾಲಗಳಲ್ಲಿ. ಹೆಚ್ಚಿನ ಶಿಬಿರಗಳು ಏಪ್ರಿಲ್‌ನಲ್ಲಿ ತೆರೆದು ಅಕ್ಟೋಬರ್‌ನಲ್ಲಿ ಮುಚ್ಚುತ್ತವೆ. ಆಗಸ್ಟ್‌ನಲ್ಲಿ ಕಡಲ ನೀರು 24–26 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಜನರೂ ಅಷ್ಟೇ ತುಂಬಿರುತ್ತಾರೆ. ಆಗಸ್ಟ್ 15 ಇಲ್ಲಿ ಮೇರಿಮಾತೆಯ ಸ್ವರ್ಗಾರೋಹಣದ ಹಬ್ಬ. ಇಟಲಿಗೂ ಅದು ನಡುಬೇಸಿಗೆಯ ರಜಾದಿನ. ಅದರ ಹಿಂದುಮುಂದಿನ ಎರಡು ವಾರಗಳಿಗೆ ಕಡಲಂಚಿನ ಜಾಗ ಬೇಕೆಂದರೆ ಚಳಿಗಾಲದಲ್ಲೇ ಕಾದಿರಿಸಬೇಕು. ಸಾಧ್ಯವಿದ್ದವರು ಆಗಸ್ಟನ್ನು ಬಿಟ್ಟುಬಿಡುವುದೇ ವಿವೇಕ. ಜೂನ್ ಮಧ್ಯಭಾಗ ಮತ್ತು ಸೆಪ್ಟೆಂಬರ್‌ನ ಮೊದಲ ಮೂರು ವಾರಗಳನ್ನು ಅನುಭವಿಗಳು ಅತ್ಯುತ್ತಮವೆನ್ನುತ್ತಾರೆ. ಸೆಪ್ಟೆಂಬರ್‌ನಲ್ಲಿ ನೀರು ಇನ್ನೂ ಬೆಚ್ಚಗಿರುತ್ತದೆ, ಬಾಡಿಗೆ ಇಳಿದಿರುತ್ತದೆ. ಎಸಿಎಸ್‌ಐ ಎಂಬ ಡಚ್ ಸಂಸ್ಥೆಯ ರಿಯಾಯಿತಿ ಕಾರ್ಡು ನಡೆಯುವುದೂ ಇಂಥ ಬಿಡುವಿನ ಕಾಲದಲ್ಲೇ.

ನಮ್ಮ ಶಾಲೆಗಳ ರಜೆ ಈ ಪಂಚಾಂಗಕ್ಕೆ ಸರಿಹೊಂದುವುದಿಲ್ಲ. ಏಪ್ರಿಲ್‌ನಲ್ಲಿ ಕಡಲು ಮೈ ಕೊರೆಯುವಷ್ಟು ತಣ್ಣಗೆ. ಮೇ ಕೊನೆಗೆ ಧೈರ್ಯವಂತರು ಇಳಿಯಬಹುದು. ಆ ಹೊತ್ತು ನಡಿಗೆಗೂ ಸೈಕಲ್ಲಿಗೂ ಹದವಾಗಿರುತ್ತದೆ. ದಸರಾ ರಜೆಗೆ ಹೋಗುವವರಿಗೆ ದಕ್ಷಿಣ ಡಾಲ್ಮೇಷಿಯಾದಲ್ಲಿ ಈಜುವಷ್ಟು ಬಿಸುಪು ಉಳಿದಿರುತ್ತದೆ, ಆದರೆ ಶಿಬಿರಗಳ ಅಂಗಡಿ, ಊಟದ ಮನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುತ್ತವೆ. ಮ್ಯೂನಿಕ್ ಸುತ್ತಮುತ್ತ ನೆಲೆಸಿದ ಕನ್ನಡಿಗರಿಗೆ ಮಾತ್ರ ಬವೇರಿಯಾದ ಶಾಲೆಗಳ ಎರಡು ವಾರಗಳ ಪೆಂಟಕೋಸ್ಟ್ ರಜೆ ಒಲಿದುಬಂದ ಅವಕಾಶ. ಮೇ–ಜೂನ್‌ನ ಆ ದಿನಗಳಲ್ಲಿ ಇಸ್ಟ್ರಿಯಾದಲ್ಲಿ ಬವೇರಿಯಾದ ನಂಬರಿನ ಕಾರುಗಳೇ ಕಾಣುತ್ತವೆ. ಇದು ಅವಕಾಶವೂ ಹೌದು, ನೂಕುನುಗ್ಗಲಿಗೆ ಕಾರಣವೂ ಹೌದು.

ಜಾಗ, ಕಲ್ಲು, ನೆರಳು

ಕಂಡಲ್ಲಿ ಡೇರೆ ಹಾಕುವುದು ಕ್ರೊಯೇಷಿಯಾದಲ್ಲಿ ಕಾನೂನುಬಾಹಿರ. ವ್ಯಾನು ನಿಲ್ಲಿಸಿ ರಸ್ತೆಬದಿಯಲ್ಲಿ ರಾತ್ರಿ ಕಳೆಯುವುದಕ್ಕೂ ದಂಡ ಬೀಳುತ್ತದೆ, ಪೊಲೀಸರು ಬೆಳಗಿನ ಜಾವ ಬಂದು ಎಬ್ಬಿಸುತ್ತಾರೆ. ಅಧಿಕೃತ ಶಿಬಿರದಲ್ಲೇ ತಂಗಬೇಕು. ಸ್ವಾಗತ ಕಚೇರಿಯಲ್ಲಿ ಪ್ರತಿಯೊಬ್ಬರ ಪಾಸ್‌ಪೋರ್ಟ್ ವಿವರ ಸರ್ಕಾರದ ಇ-ವಿಸಿಟರ್ ವ್ಯವಸ್ಥೆಗೆ ಸೇರುತ್ತದೆ. ತಲೆಗಿಷ್ಟರಂತೆ ದಿನವಹಿ ಪ್ರವಾಸಿ ತೆರಿಗೆಯೂ ಇದೆ. 12 ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ.

ಶಿಬಿರದ ಜಾಗಗಳು ಎರಡು ಬಗೆ. ಗಡಿ ಗುರುತಿಸಿ ನಂಬರು ಹಾಕಿದ ‘ಪಾರ್ತ್ಸೆಲಾ’ಗಳಿಗೆ ವಿದ್ಯುತ್ತು, ಕೆಲವೊಮ್ಮೆ ನೀರಿನ ನಲ್ಲಿಯೂ ಇರುತ್ತದೆ. ಗುರುತಿಲ್ಲದ ಬಯಲಿನಲ್ಲಿ ಮೊದಲು ಬಂದವರು ನೆರಳು ಹಿಡಿಯುತ್ತಾರೆ. ಬಾಡಿಗೆ ಕಡಿಮೆ, ಸಣ್ಣ ಡೇರೆಯವರಿಗೆ ಇದೇ ಅನುಕೂಲ. ವಿಮಾನದಲ್ಲಿ ಬಂದವರು ಸಾಮಾನಿನ ಹೊರೆ ಬೇಡವೆಂದರೆ ಚಕ್ರದ ಮೇಲಿನ ಮನೆಗಳನ್ನೋ ಮಂಚ ಹಾಸಿಗೆಗಳಿರುವ ಸಿದ್ಧ ಡೇರೆಗಳನ್ನೋ ಬಾಡಿಗೆಗೆ ಪಡೆಯಬಹುದು. ಇತ್ತೀಚೆಗೆ ದೊಡ್ಡ ಶಿಬಿರಗಳು ಇವುಗಳಿಗೇ ಕಡಲ ಮುಂದಿನ ಸಾಲನ್ನು ಕೊಟ್ಟು ಡೇರೆಯವರನ್ನು ಹಿಂದಕ್ಕೆ ಸರಿಸುತ್ತಿವೆ. ಹಳೆಯ ಕ್ಯಾಂಪಿಂಗ್ ಪ್ರಿಯರ ಗೊಣಗಾಟಕ್ಕೆ ಅರ್ಥವಿದೆ.

ನಕ್ಷೆ ನೋಡಿ ಜಾಗ ಆರಿಸುವಾಗ ಕಡಲಿಗೆ ಎಷ್ಟು ದೂರವೆಂಬುದಕ್ಕಿಂತ ಪೂರ್ವಕ್ಕೆ ಮರವಿದೆಯೇ ಎಂಬುದು ಮುಖ್ಯ. ನೆರಳಿಲ್ಲದ ಡೇರೆಯೊಳಗೆ ಜುಲೈನಲ್ಲಿ ಬೆಳಗಿನ ಎಂಟರ ಬಳಿಕ ಮಲಗಿರಲಾಗದು. ಮರವೆಂದರೆ ಹೆಚ್ಚಾಗಿ ಅಲೆಪ್ಪೊ ಪೈನ್. ಅದರ ರಾಳ ಡೇರೆಯ ಬಟ್ಟೆಗೆ ತೊಟ್ಟಿಕ್ಕಿದರೆ ಬಿಡಿಸುವುದು ಕಷ್ಟವಾದ್ದರಿಂದ ಮೇಲೊಂದು ಹಳೆಯ ಹೊದಿಕೆ ಕಟ್ಟುತ್ತಾರೆ.

ನೆಲ ಸುಣ್ಣಕಲ್ಲಿನದು, ಮೇಲೆ ಕೆಂಪು ಮಣ್ಣಿನ ತೆಳು ಪದರ. ಡೇರೆಯೊಂದಿಗೆ ಬರುವ ಅಲ್ಯುಮಿನಿಯಂ ಗೂಟಗಳು ಮೊದಲ ಪೆಟ್ಟಿಗೇ ಬಾಗುತ್ತವೆ. ದಪ್ಪ ಉಕ್ಕಿನ ಮೊಳೆಗೂಟಗಳು, ಒಂದು ಸುತ್ತಿಗೆ, ಗೂಟ ಇಳಿಯದ ಕಡೆ ಬಂಡೆಗೋ ಮರಕ್ಕೋ ಬಿಗಿಯಲು ಉದ್ದನೆಯ ಹಗ್ಗ ಬೇಕು. ಶಿಬಿರಗಳ ವಿದ್ಯುತ್ ಕಂಬಗಳಲ್ಲಿರುವುದು ಮೂರು ಕಡ್ಡಿಯ ನೀಲಿ ಪ್ಲಗ್ಗು, ಸಾಮಾನ್ಯವಾಗಿ 10 ಅಥವಾ 16 ಆಂಪಿಯರ್‌ನದು. ವೋಲ್ಟೇಜು ನಮ್ಮದೇ ಆದರೂ ನಮ್ಮ ದಪ್ಪ ಪಿನ್ನುಗಳು ಅಲ್ಲಿ ಕೂರುವುದಿಲ್ಲ. ಇಂಡಕ್ಷನ್ ಒಲೆಯನ್ನೂ ನೀರು ಕಾಯಿಸುವ ಕೆಟಲ್ಲನ್ನೂ ಒಟ್ಟಿಗೆ ಹಚ್ಚಿದರೆ ಕಂಬದ ಸ್ವಿಚ್ಚು ಬೀಳುವ ಸಂಭವ ಹೆಚ್ಚು.

ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ನಿಶ್ಶಬ್ದ ಎಂಬ ನಿಯಮವನ್ನು ಬಹುತೇಕ ಶಿಬಿರಗಳು ಕಟ್ಟುನಿಟ್ಟಾಗಿ ಪಾಲಿಸುತ್ತವೆ. ಆ ಹೊತ್ತಿನಲ್ಲಿ ವಾಹನಗಳಿಗೆ ಗೇಟು ತೆರೆಯುವುದಿಲ್ಲ. ತಡರಾತ್ರಿ ವಿಮಾನ ಇಳಿಯುವವರು ಮೊದಲ ರಾತ್ರಿಗೆ ಊರಿನಲ್ಲೊಂದು ಕೋಣೆ ನೋಡಿಕೊಳ್ಳಬೇಕು.

ವೀಸಾ ಮತ್ತು ದಾರಿ

ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ತಂಗುವ ಜಾಗದ ದಾಖಲೆ ಕೇಳುವುದರಿಂದ ‘ಹೋದಲ್ಲಿ ನೋಡಿಕೊಳ್ಳೋಣ’ ಎಂಬ ಕ್ಯಾಂಪಿಂಗ್ ನಡೆಯುವುದಿಲ್ಲ. ಪ್ರತಿ ರಾತ್ರಿಗೂ ಶಿಬಿರದ ಕಾದಿರಿಸುವಿಕೆ ಕೈಯಲ್ಲಿರಬೇಕು. ಜರ್ಮನಿ, ಆಸ್ಟ್ರಿಯಾಗಳಲ್ಲಿ ವಾಸದ ಪರವಾನಗಿ ಇರುವವರಿಗೆ ಈ ವೀಸಾದ ಗೋಜಿಲ್ಲ.

ಬೆಂಗಳೂರಿನಿಂದ ಝಾಗ್ರೆಬ್‌ಗೆ ನೇರ ವಿಮಾನವಿಲ್ಲ. ಕೊಲ್ಲಿಯ ನಗರಗಳು, ಇಸ್ತಾಂಬುಲ್ ಅಥವಾ ಫ್ರಾಂಕ್‌ಫರ್ಟ್ ಮೂಲಕ ಹೋಗುತ್ತಾರೆ. ಮ್ಯೂನಿಕ್‌ನಿಂದ ರಸ್ತೆಯಲ್ಲಿ ಬರುವವರಿಗೆ ಇಸ್ಟ್ರಿಯಾ ಸುಮಾರು 550 ಕಿ.ಮೀ. ಆಸ್ಟ್ರಿಯಾ, ಸ್ಲೊವೇನಿಯಾ ಎರಡಕ್ಕೂ ಹೆದ್ದಾರಿ ಬಳಕೆಯ ಚೀಟಿಯಾದ ವಿನ್ಯೆಟ್ ಕೊಳ್ಳಬೇಕು, ಟೌವರ್ನ್ ಮತ್ತು ಕಾರವಾಂಕೆನ್ ಸುರಂಗಗಳಿಗೆ ಪ್ರತ್ಯೇಕ ಸುಂಕ ತೆರಬೇಕು. ಜುಲೈ–ಆಗಸ್ಟ್‌ನ ಶನಿವಾರಗಳಲ್ಲಿ ಸುರಂಗದ ಬಾಯಲ್ಲಿ ಗಂಟೆಗಟ್ಟಲೆ ಸಾಲು. ಮನೆ ಬಾಡಿಗೆಗಳು ಶನಿವಾರದಿಂದ ಶನಿವಾರಕ್ಕೆ ಇರುವುದೇ ಇದಕ್ಕೆ ಕಾರಣ. ಡೇರೆಯವರಿಗೆ ಆ ಕಟ್ಟುಪಾಡಿಲ್ಲ, ಮಂಗಳವಾರ ಹೊರಟರೂ ಆಯಿತು. ಕಾರು ಬಾಡಿಗೆಗೆ ಪಡೆಯುವ ಭಾರತೀಯರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನ ಆರ್‌ಟಿಒದಲ್ಲೇ ಮಾಡಿಸಿಕೊಂಡಿರಬೇಕು.

ದುಬ್ರೊವ್ನಿಕ್‌ಗೆ ಹೋಗುವ ಹಳೆಯ ಕರಾವಳಿ ರಸ್ತೆಗೆ ನೆಉಮ್ ಎಂಬಲ್ಲಿ ಬೋಸ್ನಿಯಾ ಅಡ್ಡ ಬರುತ್ತದೆ; ಆ ದೇಶಕ್ಕೆ ಕಡಲು ಸಿಗುವುದು ಅಲ್ಲಿ ಮಾತ್ರ. ಆ ಕೆಲವು ಕಿಲೋಮೀಟರ್ ದಾಟುವುದೆಂದರೆ ಷೆಂಗೆನ್‌ನಿಂದ ಹೊರಹೋಗಿ ಮತ್ತೆ ಒಳಬರುವುದು. ಒಂದೇ ಪ್ರವೇಶದ ವೀಸಾ ಇದ್ದವರು ಅಲ್ಲಿ ಸಿಕ್ಕಿಕೊಳ್ಳಬಹುದು. 2022ರ ಜುಲೈನಲ್ಲಿ ತೆರೆದ 2.4 ಕಿ.ಮೀ. ಉದ್ದದ ಪೆಲ್ಯೆಶಾತ್ಸ್ ಸೇತುವೆ ಈ ತೊಡಕನ್ನು ತಪ್ಪಿಸಿತು. ಮೊಬೈಲಿನ ದಾರಿತೋರುಗ ನೆಉಮ್ ಮೂಲಕ ಕಳಿಸದಂತೆ ನೋಡಿಕೊಂಡರಾಯಿತು.

ದ್ವೀಪಗಳಿಗೆ 1947ರಲ್ಲಿ ಸ್ಥಾಪನೆಯಾದ ಯದ್ರೊಲಿನಿಯಾ ಸಂಸ್ಥೆಯ ಹಡಗುಗಳಿವೆ. ಹತ್ತಿರದ ಮಾರ್ಗಗಳಲ್ಲಿ ಟಿಕೆಟ್ ಇದ್ದ ಮಾತ್ರಕ್ಕೆ ಆ ಹೊತ್ತಿನ ಹಡಗಿನಲ್ಲಿ ಕಾರಿಗೆ ಜಾಗ ಸಿಕ್ಕೀತೆಂದು ಹೇಳಲಾಗದು. ಸರದಿಯಲ್ಲಿ ನಿಂತವರು ಹತ್ತುತ್ತಾರೆ. ನಡೆದು ಹತ್ತುವವರಿಗೆ ಈ ಕಾಟ ಅಪರೂಪ.

ಅಡುಗೆ ಮತ್ತು ಬೆಂಕಿ

ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ, ಮಾಂಸದ ಪದಾರ್ಥಗಳನ್ನು ಸ್ವಂತ ಬಳಕೆಗೂ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಪೇಡ ಊರಿನಲ್ಲೇ ಉಳಿಯಬೇಕು. ಹಸಿ ಕರಿಬೇವಿಗೂ ಪ್ರವೇಶವಿಲ್ಲ. ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ, ರವೆಗಳಿಗೆ ಅಡ್ಡಿಯಿಲ್ಲ. ಕ್ಯಾಂಪಿಂಗ್ ಒಲೆಯ ಗ್ಯಾಸ್ ಡಬ್ಬಿಗಳನ್ನು ವಿಮಾನದಲ್ಲಿ ಯಾವ ಚೀಲದಲ್ಲೂ ಇಡಬಾರದು. ಇಳಿದ ಊರಿನಲ್ಲಿ ಕೊಳ್ಳಬೇಕು.

ಸಸ್ಯಾಹಾರಿಗಳಿಗೆ ಕರಾವಳಿಯ ಊಟದ ಮನೆಗಳಲ್ಲಿ ಆಯ್ಕೆ ಕಡಿಮೆ. ಮೀನು, ಮಾಂಸದ್ದೇ ಕಾರುಬಾರು. ಸೊಪ್ಪು, ಆಲೂಗಡ್ಡೆ ಬೇಯಿಸಿ ಬೆಳ್ಳುಳ್ಳಿ, ಆಲಿವ್ ಎಣ್ಣೆ ಬೆರೆಸಿದ ಬ್ಲಿತ್ವಾ, ಸ್ಪ್ಲಿಟ್ ಬಳಿಯ ಪೊಲ್ಯಿತ್ಸಾ ಭಾಗದ ಸೊಪ್ಪಿನ ಹೂರಣದ ರೊಟ್ಟಿ ಸೊಪರ್ನಿಕ್, ಚೀಸ್ ತುಂಬಿದ ಬುರೆಕ್ ಸಿಗುತ್ತವೆ. ಬೆಳಗಿನ ಸಂತೆಯಲ್ಲಿ ಟೊಮೇಟೊ, ಅಂಜೂರ, ಮೆಣಸಿನಕಾಯಿ ತಂದು ಡೇರೆಯ ಮುಂದೆ ಅಡುಗೆ ಮಾಡಿಕೊಳ್ಳುವುದೇ ಹೊಟ್ಟೆಗೂ ಜೇಬಿಗೂ ಹಿತ. 2023ರ ಜುಲೈನಿಂದ ಜಾರಿಗೆ ಬಂದ ಕಾನೂನಿನಂತೆ ಅಂಗಡಿಗಳು ವರ್ಷಕ್ಕೆ 16 ಭಾನುವಾರ ಮಾತ್ರ ತೆರೆಯಬಹುದು. ಬೇಸಿಗೆಯಲ್ಲೇ ಹೆಚ್ಚಿನವು ಆ ದಿನಗಳನ್ನು ಬಳಸಿಕೊಂಡರೂ ದಿನಸಿಯನ್ನು ಶನಿವಾರವೇ ತಂದಿಟ್ಟುಕೊಳ್ಳುವುದು ಕ್ಷೇಮ.

ಸೌದೆ ಉರಿ ಹಾಕುವ ಆಸೆ ಬೇಡ. ಒಣಗಿದ ಪೈನ್ ಎಲೆ, ಗಾಳಿ, ನೀರಿಲ್ಲದ ಸುಣ್ಣಕಲ್ಲು ಬೆಟ್ಟ ಸೇರಿದಲ್ಲಿ ಒಂದು ಕಿಡಿ ಸಾಕು. 2007ರ ಆಗಸ್ಟ್ 30ರಂದು ಕೊರ್ನಾತ್ ದ್ವೀಪದ ಕಾಳ್ಗಿಚ್ಚಿನಲ್ಲಿ 12 ಮಂದಿ ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. ಬೇಸಿಗೆಯಲ್ಲಿ ಬಯಲಿನ ಬೆಂಕಿ ನಿಷಿದ್ಧ. ಇದ್ದಿಲ ಒಲೆಗೂ ಶಿಬಿರ ಗೊತ್ತುಪಡಿಸಿದ ಕಟ್ಟೆಯನ್ನೇ ಬಳಸಬೇಕು. ಹಳದಿ ಕ್ಯಾನಡೇರ್ ವಿಮಾನಗಳು ನೀರು ತುಂಬಿಕೊಳ್ಳಲು ಕೊಲ್ಲಿಗೆ ಇಳಿದರೆ ಈಜುಗಾರರು, ದೋಣಿಯವರು ತಕ್ಷಣ ದಡದತ್ತ ಸರಿಯಬೇಕು.

ನೀರಿಗಿಳಿಯುವಾಗ ರಬ್ಬರ್ ಅಟ್ಟೆಯ ಈಜುಬೂಟು ಹಾಕಿಕೊಳ್ಳಬೇಕು. ಬಂಡೆಗಳ ನಡುವಿನ ಕಡಲ ಮುಳ್ಳುಚೆಂಡುಗಳನ್ನು ತುಳಿದರೆ ಮುಳ್ಳು ಕಾಲಿನೊಳಗೇ ಮುರಿಯುತ್ತದೆ. ಕ್ರ್ಕಾ ರಾಷ್ಟ್ರೀಯ ಉದ್ಯಾನದ ಸ್ಕ್ರಾದಿನ್ಸ್ಕಿ ಬುಕ್ ಜಲಪಾತದಡಿ ಈಜುವ ಹಳೆಯ ಚಿತ್ರಗಳನ್ನು ನೋಡಿ ಹೊರಟವರಿಗೆ ನಿರಾಸೆ ಕಾದಿದೆ, 2021ರಿಂದ ಅಲ್ಲಿ ಈಜುವುದನ್ನು ನಿಷೇಧಿಸಲಾಗಿದೆ. ಪ್ಲಿಟ್‌ವಿತ್ಸೆಯಲ್ಲೂ ಅದೇ ನಿಯಮ. ಅಲ್ಲಿಗೆ ಗಂಟೆ ನಮೂದಾದ ಟಿಕೆಟನ್ನು ಮುಂಚಿತವಾಗಿ ಆನ್‌ಲೈನಿನಲ್ಲಿ ಕೊಳ್ಳಬೇಕು. ಯಾವ ತುರ್ತಿಗೂ ಕರೆಯಬೇಕಾದ ಸಂಖ್ಯೆ 112.